ಬೆನ್ನಿಲ್ಲದ ಬೆಂಚು

ಹಳೆಯ ಕುರ್ಚಿ ಕೊಳ್ಳಲು ಹೋದವರು ಮೊದಲು ಅದರ ಮೇಲೆ ಕೂರಬಾರದು. ಮಗುಚಿ ಹಾಕಿ ನೋಡಬೇಕು. ಮೇಲುಗಡೆ ಪಾಲಿಷು ಬಳಿದು ಮದುಮಗಳ ಹಾಗೆ ಸಿಂಗರಿಸಿ ನಿಲ್ಲಿಸಿರುತ್ತಾರೆ. ನಿಜವೆಲ್ಲ ಕೆಳಗಡೆ ಇರುತ್ತದೆ. ಕಾಲು ಬಂದು ಸೇರುವಲ್ಲಿ ಕಚ್ಚು ಕೂರಿಸಿ ಮರದ ಬೆಣೆ ಬಡಿದಿದ್ದಾರೋ, ಇಲ್ಲ ನಾಲ್ಕು ಮೊಳೆ ಹೊಡೆದು ಕೈ ತೊಳೆದುಕೊಂಡಿದ್ದಾರೋ. ಗುಂಡುಸೂಜಿಯ ಮೊನೆಯಷ್ಟು ತೂತಿನಿಂದ ಹುಡಿ ಉದುರುತ್ತದೋ. ಬೆತ್ತದ ಹೆಣಿಗೆಯ ಸಂದಿಯಲ್ಲಿ ತಿಗಣೆಯ ಸಂಸಾರ ಇದೆಯೋ. ಇದನ್ನೆಲ್ಲ ನನಗೆ ಯಾವ ಬಡಗಿಯೂ ಹೇಳಿಕೊಟ್ಟದ್ದಲ್ಲ, ನನ್ನ ಭಯ ಹೇಳಿಕೊಟ್ಟದ್ದು. ನಾನು ಹುಟ್ಟು ಪುಕ್ಕಲಿ. ಬಸ್ಸು ಹತ್ತಿದರೆ ಚಕ್ರ ಕಳಚುತ್ತದೆ ಅನ್ನಿಸುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಮನೆಗೆ ವಾಪಸು ಬರುತ್ತೇನೆ. ಇನ್ನು ಕೂರುವ ಸಾಮಾನಿನ ವಿಷಯದಲ್ಲಂತೂ ನನ್ನ ಅನುಮಾನಕ್ಕೆ ಮಿತಿಯೇ ಇಲ್ಲ. ಮೈಯ ಭಾರವನ್ನೆಲ್ಲ ನಂಬಿ ಬಿಟ್ಟುಕೊಡುವ ವಸ್ತು ಅದು.

ಆದರೂ ಹಳೆಯ ಕುರ್ಚಿ, ಬೆಂಚು, ಸ್ಟೂಲು ಎಂದರೆ ನನಗೆ ಪ್ರಾಣ. ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಭಾನುವಾರ ಬಂದರೆ ಉಳಿದವರು ಸಿನಿಮಾಕ್ಕೋ ದೇವಸ್ಥಾನಕ್ಕೋ ಹೋದರೆ ನಾನು ಹಳೇ ಸಾಮಾನಿನ ಅಂಗಡಿಗಳಲ್ಲಿ ಧೂಳು ಕುಡಿಯುತ್ತಿರುತ್ತೇನೆ. ಆಫೀಸಿನಿಂದ ಹೊರಗೆಸೆದ ಬೆತ್ತದ ಕುರ್ಚಿ, ಹೋಟೆಲಿನವರು ಮಾರಿದ ಕಬ್ಬಿಣದ ಕಾಲಿನ ಬೆಂಚು, ಯಾವುದೋ ಮನೆಯ ಮಕ್ಕಳು ಬರೆಯಲು ಕೂರುತ್ತಿದ್ದ ಪುಟ್ಟ ಮಣೆ, ಎಲ್ಲ ನಮ್ಮ ಮನೆಗೆ ಬಂದು ಸೇರಿವೆ. ನನ್ನ ಗಂಡ ಬಂದವರ ಎದುರಿಗೇ ರೇಗಿಸುತ್ತಾರೆ: "ನಮ್ಮನೇಲಿ ಇರೋರು ಇಬ್ರು. ಕೂರೋಕೆ ಮಾತ್ರ ಒಂದು ದಿಬ್ಬಣಕ್ಕೆ ಆಗೋವಷ್ಟು ಐತೆ."

ಇಬ್ಬರಿದ್ದ ಮನೆ ಹೋದ ವರ್ಷ ಮೂವರದಾಯಿತು. ನನ್ನ ಅವ್ವ ಬಂದಳು. ಬಂದಳು ಅನ್ನುವುದಕ್ಕಿಂತ ಎತ್ತಿಕೊಂಡು ಬಂದೆವು ಅನ್ನಬೇಕು. ಹೊಸದುರ್ಗದ ಕಡೆ ಶ್ರೀರಾಂಪುರದ ಹತ್ತಿರ ನಮ್ಮೂರು. ಅಲ್ಲಿ ಅಣ್ಣನ ಮನೆಯಲ್ಲಿ ಅವಳು ಅಧಿಕಾರ ಮಾಡಿಕೊಂಡಿದ್ದಳು. ನಮ್ಮದು ಕುರಿ ಸಾಕುವ ಮನೆತನ. ಒಂದು ಸಂಜೆ ರೊಪ್ಪದಿಂದ ತಪ್ಪಿಸಿಕೊಂಡ ಕುರಿಮರಿಯೊಂದನ್ನು ಅಟ್ಟಿಸಿಕೊಂಡು ಓಡಿ, ಕಲ್ಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮರಿ ಸಿಕ್ಕಿತೋ ಇಲ್ಲವೋ ಎಂದು ಆಂಬುಲೆನ್ಸಿನಲ್ಲೂ ಕೇಳುತ್ತಿದ್ದಳಂತೆ. ಚಿತ್ರದುರ್ಗದಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಗೆ ನನ್ನ ಮನೆ ಹತ್ತಿರವೆಂದು ಅವಳನ್ನು ಇಲ್ಲೇ ಉಳಿಸಿಕೊಂಡೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮೂಳೆ ಕೂಡುತ್ತೆ, ಅದರ ಚಿಂತೆ ಬೇಡ. ಈ ವಯಸ್ಸಿನವರು ಮೂಳೆ ಮುರಿದು ಸಾಯಲ್ಲ, ಮಲಗಿ ಮಲಗಿ ಸಾಯ್ತಾರೆ. ಎದೆಗೆ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ದಿನಾ ಕೂರಿಸ್ಬೇಕು ಮೇಡಂ. ಗಟ್ಟಿ ಕುರ್ಚಿ ಇರಲಿ, ಕೈ ಇರಲಿ, ಬೆನ್ನು ಎತ್ತರ ಇರಲಿ. ನೆಲದ ಮೇಲೆ ಮಾತ್ರ ಕೂರಿಸ್ಬೇಡಿ."

ಅವ್ವನ ಮಟ್ಟಿಗೆ ಕೂರುವುದೆಂದರೆ ನೆಲವೇ. ಹುಟ್ಟಿದಾಗಿನಿಂದ ಕಂಬಳಿ ಹಾಸಿ ನೆಲದ ಮೇಲೆ ಕೂತು ಉಂಡು, ರಾಗಿ ಬೀಸಿ, ಮಕ್ಕಳಿಗೆ ಎಣ್ಣೆ ತಿಕ್ಕಿದವಳು. ಮಂಚದ ಅಂಚಿಗೆ ತಂದು ಕೂರಿಸೋಣವೆಂದರೆ ಅವಳ ಕುಳ್ಳ ಕಾಲು ನೆಲಕ್ಕೆ ಎಟುಕುವುದಿಲ್ಲ, ಹಾಸಿಗೆ ಮುಂದಕ್ಕೆ ಜಾರುತ್ತದೆ. ನಮ್ಮ ದಿಬ್ಬಣದ ಕುರ್ಚಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಒಂದಕ್ಕೆ ಕೈ ಇಲ್ಲ, ಒಂದು ತೀರಾ ತಗ್ಗು, ಒಂದು ಲೊಡಕು. ಇಷ್ಟು ಸಾಮಾನು ಕೂಡಿಹಾಕಿ ಬೇಕಾದ ಹೊತ್ತಿಗೆ ಅವ್ವನಿಗೆ ಒಂದು ಆಸನವಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಹೊಸದನ್ನು ಕೊಳ್ಳಬಹುದಿತ್ತು. ಆದರೆ ಈಗಿನ ಪುಡಿಮರದ ಹಲಗೆಯ ಕುರ್ಚಿಗಳನ್ನು ನಾನು ನನ್ನ ಹ್ಯಾಂಡ್‌ಬ್ಯಾಗಿಗೂ ನಂಬುವುದಿಲ್ಲ.

ಹಿರಿಯೂರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ತಗಡಿನ ಶೆಡ್ಡಿನಲ್ಲಿ ಒಬ್ಬರು ಹಳೇ ಸಾಮಾನು ಇಟ್ಟಿದ್ದಾರೆ. ಕೆಡವಿದ ಮನೆಗಳ ಬಾಗಿಲು, ಕಂಬ, ತೊಟ್ಟಿಲು, ಎಲ್ಲ ಅಲ್ಲಿಗೆ ಬರುತ್ತವೆ. ಅಲ್ಲಿ ಆ ಕುರ್ಚಿ ಇತ್ತು. ತೇಗದ್ದು. ಅಗಲವಾದ ಕೈ, ತಲೆಯವರೆಗೂ ಬರುವ ಬೆತ್ತ ಹೆಣೆದ ಬೆನ್ನು, ಬೆನ್ನಿನ ಎರಡು ತುದಿಗೂ ಕಳಸದಂಥ ಗುಬಟು. ಮಗುಚಿ ಹಾಕಿ ನೋಡಿದೆ. ಒಂದು ಮೊಳೆಯಿಲ್ಲ, ಒಂದು ತೂತಿಲ್ಲ. ನೆಲಕ್ಕೆ ಕುಟ್ಟಿದೆ, ಮೂಸಿದೆ, ಕೈಯೂರಿ ಎಲ್ಲ ಕಡೆಗೂ ಜಗ್ಗಿದೆ. ಅಂಗಡಿಯ ಸಾಹೇಬರು ನಕ್ಕರು.

"ಕುಂತು ನೋಡ್ರಿ ಅಮ್ಮಾ. ಆನೆ ಕುಂತ್ರೂ ಮಿಸುಕಲ್ಲ."

"ತಿಗಣೆ?"

"ಬಿಸಿಲಿಗಿಟ್ಟು ಸೀಮೆಎಣ್ಣೆ ಬಿಟ್ಟಿದೀನಿ. ನಿಮ್ಮ ಅನುಮಾನ ಸಾಯಾಕೆ ಮಾತ್ರ ಔಷ್ದಿ ಇಲ್ಲ ನೋಡ್ರಿ."

ಕೂತೆ. ನನ್ನ ಪಾದ ನೆಲಕ್ಕೆ ಹದವಾಗಿ ಕೂತಿತು, ಅಂದರೆ ಅವ್ವನಿಗೆ ಕಾಲ ಕೆಳಗೆ ಒಂದು ಮಣೆ ಕೊಟ್ಟರೆ ಸಾಕು. ಒರಗಿದೆ. ಬಹಳ ದಿನಗಳ ಮೇಲೆ ಧೈರ್ಯವಾಯಿತು. ಇದು ಅವ್ವನನ್ನು ಬೀಳಲು ಬಿಡುವುದಿಲ್ಲ ಅನ್ನಿಸಿತು. ಟೆಂಪೋದಲ್ಲಿ ಹಾಕಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಹಿಂದಿನ ಗಾಜಿನಿಂದ ಅದನ್ನೇ ನೋಡುತ್ತಾ ಬಂದೆ.

ಮನೆಗೆ ಹೊಸ ಸಾಮಾನು ಬಂದರೆ ನಾವು ಪೂಜೆ ಮಾಡದೆ ಬಳಸುವುದಿಲ್ಲ. ಸೈಕಲ್ಲಾಗಲಿ ಮಿಕ್ಸಿಯಾಗಲಿ, ಅರಿಶಿನ ಕುಂಕುಮ ಇಟ್ಟು ಹೂವು ಹಾಕಲೇಬೇಕು. ಕುರ್ಚಿಯ ಗುಬಟುಗಳಿಗೆ ಸೇವಂತಿಗೆಯ ಹಾರ ಹಾಕಿದೆ. ಅವ್ವನಿಗೆ ಮೈ ಒರೆಸಿ ಹೊಸ ಸೀರೆ ಉಡಿಸಿದೆ. ಅವಳೇ ಕೇಳಿ ಹಣೆಗೆ ಅಗಲವಾಗಿ ಭಂಡಾರದ ಅರಿಶಿನ ಇಡಿಸಿಕೊಂಡಳು. ನಾನೂ ನನ್ನ ಗಂಡನೂ ಎರಡು ಕಡೆ ಹಿಡಿದು ಮಂಚದಿಂದ ಇಳಿಸಿ ಕೂರಿಸಿದೆವು. ನನಗೆ ಒಂದೇ ಹೆದರಿಕೆ, ಮುಂದಕ್ಕೆ ಜಾರಿದರೆ? ಮೆತ್ತನೆಯ ಹಳೆಯ ಪಂಚೆಯೊಂದನ್ನು ಅವಳ ಕಂಕುಳ ಕೆಳಗಿಂದ ತಂದು ಕುರ್ಚಿಯ ಬೆನ್ನಿಗೆ ಕಟ್ಟಿದೆ. ಕಟ್ಟುವಾಗ ಹಾರ ಜಾರಿ ಅವಳ ಹೆಗಲ ಮೇಲೆ ಬಿತ್ತು. ಚೆನ್ನಾಗೇ ಕಾಣುತ್ತದೆಂದು ನಾನೇ ಅದನ್ನು ನೇರ ಮಾಡಿದೆ. ಎಷ್ಟೋ ದಿನಕ್ಕೆ ಎದ್ದು ಕೂತದ್ದರಿಂದ ಅವಳಿಗೆ ತಲೆ ಸುತ್ತು ಬಂದು ಕಣ್ಣು ಮುಚ್ಚಿಕೊಂಡಿದ್ದಳು. ಅಷ್ಟರಲ್ಲಿ ಒಂದು ಫೋಟೋ ಹೊಡೆದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದು ಮಾತೂ ಬರೆಯಲಿಲ್ಲ. ಅವ್ವ ಎದ್ದು ಕೂತಿದ್ದಾಳೆ, ಇನ್ನೇನು ಬರೆಯುವುದಿದೆ?

ಕೈ ತೊಳೆದು ಬರುವಷ್ಟರಲ್ಲಿ ಫೋನು. ಅಣ್ಣ. ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿದೆ.

"ಲೇ, ಯಾವಾಗ ಹೋದ್ಲೇ ಅವ್ವಾ?" ಎಂದು ಅವನು ದೊಡ್ಡ ದನಿ ತೆಗೆದು ಅತ್ತ. "ಒಂದು ಮಾತು ಮುಂಚೆ ಹೇಳಬಾರ್ದಾಗಿತ್ತೇನೇ? ಬಾಯಿಗೆ ನೀರು ಬಿಡಾಕಾದ್ರೂ ಬರ್ತಿದ್ನಲ್ಲೇ!"

ಅವನ ಹಿಂದೆ ಅತ್ತಿಗೆಯ ಅಳು, ಯಾರೋ ಗಂಡಸರು "ಟೆಂಪೋ ಹೇಳ್ರಪ್ಪ, ಬೇಗ ಹೋಗಾಣ" ಅನ್ನುವುದು, ನಾಯಿ ಬೊಗಳುವುದು, ಎಲ್ಲ ನಮ್ಮ ಕೋಣೆಯೊಳಗೆ ತುಂಬಿಕೊಂಡಿತು. ನನಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಕುರ್ಚಿಯ ಕಡೆ ತಿರುಗಿ ನೋಡಿದೆ.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಹಣೆಗೆ ಅಗಲವಾಗಿ ಭಂಡಾರ ಬಳಿದು, ಜಾರದ ಹಾಗೆ ಬಟ್ಟೆಯಿಂದ ಕಟ್ಟಿ, ಕೊರಳಿಗೆ ಹಾರ ಹಾಕಿ ಜಗುಲಿಯ ಮೇಲೆ ಕೂರಿಸುತ್ತೇವೆ. ದೂರದಲ್ಲಿರುವವರಿಗೆ ಈಗ ಅದೇ ಫೋಟೋ ಕಳಿಸುತ್ತಾರೆ. ಅದರ ಕೆಳಗೆ ಯಾರೂ ಏನೂ ಬರೆಯುವುದಿಲ್ಲ.

"ಅಣ್ಣಾ, ಅವ್ವ ಅದಾಳೆ! ಇಲ್ಲೇ ಅದಾಳೆ, ಚೆನ್ನಾಗದಾಳೆ!" ಎಂದು ಕಿರುಚಿದೆ. ಅವನ ಅಳುವಿನಲ್ಲಿ ನನ್ನ ಮಾತು ಅವನಿಗೆ ಕೇಳಿಸಲೇ ಇಲ್ಲ. ಅವ್ವ ಕಣ್ಣು ಬಿಟ್ಟಿದ್ದಳು. ಮಗ ತನಗಾಗಿ ಅಳುವುದನ್ನು ಕೇಳುತ್ತಾ ಕೂತಿದ್ದಳು. ತನ್ನ ಎದೆಯ ಮೇಲಿದ್ದ ಹಾರ ನೋಡಿದಳು, ಕಂಕುಳ ಕೆಳಗಿನ ಪಂಚೆ ನೋಡಿದಳು. ಆ ಮುಖವನ್ನು ನಾನು ಯಾವತ್ತೂ ಮರೆಯಲಾರೆ. ಎಂಥ ತೋಳಕ್ಕೂ ಹೆದರದ ಅವ್ವ, ಕೋಲು ಹಿಡಿದು ಕತ್ತಲಲ್ಲಿ ರೊಪ್ಪ ಕಾಯುತ್ತಿದ್ದ ಅವ್ವ, ಗದಗದ ನಡುಗುತ್ತಿದ್ದಳು.

"ಇಳ್ಸೇ," ಅಂದಳು. "ನನ್ನ ಇಳ್ಸೇ ತಾಯಿ."

ಊರಿನಿಂದ ಹೊರಟವರನ್ನು ನನ್ನ ಗಂಡ ಹೇಗೋ ಫೋನಿನಲ್ಲಿ ತಡೆದರು. ಅಣ್ಣ ಮಾತ್ರ ಕಣ್ಣಾರೆ ನೋಡುವ ತನಕ ನಂಬುವುದಿಲ್ಲವೆಂದು ಬಸ್ಸು ಹಿಡಿದು ಬಂದ. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದ ದೊಡ್ಡ ಗುಲಾಬಿ ಹಾರ ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿತ್ತು. ನನ್ನ ಗಂಡನ ಫೋನು ಬರುವುದಕ್ಕೆ ಮುಂಚೆಯೇ ಯಾರೋ ಹೋಗಿ ಕೊಂಡುಬಿಟ್ಟಿದ್ದರಂತೆ. ಅದನ್ನು ಒಳಗೆ ತರುವಂತಿಲ್ಲ, ದೇವರಿಗೆ ಹಾಕುವಂತಿಲ್ಲ. ಕಾಂಪೌಂಡಿನ ಮೇಲಿಟ್ಟ. ಬೀದಿಯ ಹಸುವೊಂದು ಬಂದು ನಿಧಾನಕ್ಕೆ ತಿಂದು ಹೋಯಿತು. ಬೇರೆ ದಿನವಾಗಿದ್ದರೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅವತ್ತು ಯಾರೂ ನಗಲಿಲ್ಲ.

ಮರುದಿನ ಅಣ್ಣ ಊರಿಗೆ ಹೋದ. ಅವ್ವ ಮಾತ್ರ ಆಮೇಲೆ ಕುರ್ಚಿಯ ಮಾತೆತ್ತಿದರೆ ಗೋಡೆಗೆ ಮುಖ ಮಾಡುತ್ತಿದ್ದಳು. ಒಂದು ದಿನ ಅವಳೇ ಬಾಯಿಬಿಟ್ಟಳು.

"ನಿಮ್ಮಪ್ಪನ್ನೂ ಹಿಂಗೇ ಕುಂಡ್ರಿಸಿದ್ರು. ನಮ್ಮತ್ತೇನೂ ಹಿಂಗೇ. ಕೈ ಇರೋ ಕುರ್ಚಿ ನಮ್ಮ ಕೇರಿಗೆ ಒಂದೇ ಇತ್ತು, ನೆನಪೈತಾ ನಿಂಗೆ?"

ನೆನಪಿಲ್ಲದೆ ಏನು. ಊರ ಗೌಡರ ಪಡಸಾಲೆಯಲ್ಲಿ ಇರುತ್ತಿದ್ದ ಕುರ್ಚಿ ಅದು. ಅಧಿಕಾರಿಗಳು ಬಂದರೆ ಅವರಿಗೆ, ಯಾರಾದರೂ ಸತ್ತರೆ ಅವರಿಗೆ. ಉಳಿದ ನಾವೆಲ್ಲ ನೆಲದವರು. ಸಾವಾದ ದಿನ ಅದನ್ನು ತಲೆಕೆಳಗು ಮಾಡಿ, ಕಾಲು ಆಕಾಶಕ್ಕೆ, ಯಾರಾದರೂ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಚಿಕ್ಕವಳಾಗಿದ್ದಾಗ ನಾನು ಬಾಗಿಲಲ್ಲಿ ನಿಂತು ಅದು ಬರುವುದನ್ನು ನೋಡುತ್ತಿದ್ದೆ. ಯಾರ ಮನೆಯ ಕಡೆ ತಿರುಗುತ್ತದೆಂದು ತಿಳಿಯುವುದಕ್ಕೆ ಮುಂಚೆಯೇ ಕೇರಿಯ ಹೆಂಗಸರು ಅಳಲು ಶುರು ಮಾಡಿರುತ್ತಿದ್ದರು. ನಮ್ಮ ಬಾಗಿಲು ದಾಟಿ ಅದು ಮುಂದೆ ಹೋದರೆ ನನಗೆ ಹೋದ ಜೀವ ಬಂದಂತಾಗುತ್ತಿತ್ತು. ಒಂದು ದಿನ ದಾಟಲಿಲ್ಲ, ಅಪ್ಪನಿಗಾಗಿ ಒಳಗೆ ಬಂತು. ಇಷ್ಟೆಲ್ಲ ನೋಡಿದವಳು ನಾನು. ಆದರೂ ಹಿರಿಯೂರಿನ ಶೆಡ್ಡಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬರೀ ತೇಗ, ಬರೀ ಕಚ್ಚು, ಬರೀ ಬೆತ್ತ.

ಅವ್ವ ಮಲಗಿದಳು. ದಿನ ಕಳೆದಂತೆ ಅವಳು ಮಲಗಿದ್ದೇ ನನಗೆ ದೊಡ್ಡ ಭಯವಾಯಿತು. ಕೋಣೆಯಲ್ಲಿ ಒಂದು ಬಗೆಯ ಬೆಚ್ಚನೆಯ ವಾಸನೆ ಸೇರಿಕೊಂಡಿತು. ಬೆನ್ನಿನ ಕೆಳಗೆ ಚರ್ಮ ಕೆಂಪಾಯಿತು. ಮಗ್ಗುಲು ಬದಲಿಸಿ ಪೌಡರು ಹಾಕುವಾಗ ಆ ಕೆಂಪು ನಿನ್ನೆಗಿಂತ ಅಗಲವಾಗಿದೆಯೋ ಎಂದು ಬೆರಳಿನಿಂದ ಅಳೆಯುತ್ತಿದ್ದೆ. ಆಮೇಲೆ ಕೆಮ್ಮು ಬಂತು. ಮೊದಲು ಒಣ ಕೆಮ್ಮು. ನಂತರ ಎದೆಯೊಳಗೆ ಯಾರೋ ಮಡಕೆಯ ತಳ ಕೆರೆಯುತ್ತಿದ್ದಾರೆ ಅನ್ನಿಸುವ ಹಾಗೆ. ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ಕಿವಿಯಲ್ಲಿ ಅದೇ. ಡಾಕ್ಟರಿಗೆ ಫೋನು ಮಾಡಿದೆ. ಔಷಧಿ ಹೇಳಿದರು, ಕೊನೆಗೆ ಮತ್ತೆ ಅದೇ ಮಾತು: "ಕೂರಿಸ್ತಿದೀರಾ?"

ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ. "ಈಗೆಲ್ಲ ಇದ್ರಾಗೇ ಅಲ್ವೇನೇ ಕುಂಡ್ರಿಸಾದು? ಶಾಮಿಯಾನದೋರು ಜತೇಗೇ ಕೊಡ್ತಾರೆ," ಅಂದಳು. ನನ್ನ ಗಂಡ ಗಾಲಿಕುರ್ಚಿ ಬಾಡಿಗೆಗೆ ತಂದರು. "ಇದಕ್ಕೆ ಗಾಲಿ ಬ್ಯಾರೆ ಹಾಕ್ಸಿದೀರಿ. ಹೊರೋರು ಬ್ಯಾಡ, ದೂಡ್ಕಂಡು ಹೋದ್ರಾತು." ಸೋಫಾ ತೋರಿಸಿದರೆ ಪಕ್ಕದೂರಿನ ಯಾವುದೋ ಶ್ರೀಮಂತರನ್ನು ಸೋಫಾ ಮೇಲೇ ಕೂರಿಸಿದ್ದರೆಂದು ಅವಳಿಗೆ ನೆನಪಿತ್ತು. ಕೈ ಇದ್ದು ಬೆನ್ನು ಇರುವ ಯಾವ ಆಸನವೂ ಅವಳ ಕಣ್ಣಿಗೆ ಆಸನವಾಗಿರಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. "ನೀನು ಕೂತರೆ ಸಾಯಲ್ಲ ಕಣವ್ವ, ಮಲಗಿದ್ರೆ ಸಾಯ್ತೀಯ!" ಎಂದು ಒಂದು ಮಧ್ಯಾಹ್ನ ಕೂಗಿಯೇಬಿಟ್ಟೆ.

"ಮಲ್ಗಿದ್ರೆ ಉಸ್ರು ಬಂದಾಗ ಎದ್ದೇಳ್ತೀನಿ," ಅಂದಳು. "ಅದ್ರಾಗೆ ಕಟ್ಟಿ ಕುಂಡ್ರಿಸಿದೋರು ಯಾರೂ ಎದ್ದಿದ್ದು ನಾ ನೋಡಿಲ್ಲ."

ಆ ಕುರ್ಚಿ ಮನೆಯಲ್ಲಿರುವುದು ನನಗೂ ಬೇಡವಾಯಿತು. ಮೇಲೆ ಬೆಡ್‌ಶೀಟು ಹೊದಿಸಿದೆ. ಹೊದಿಸಿದ ಮೇಲೆ ಒಳಗೆ ಯಾರೋ ಕೂತಂತೆ ಕಂಡು ಇನ್ನೂ ಕೆಟ್ಟದಾಯಿತು. ಕಡೆಗೆ ಒಂದು ಭಾನುವಾರ ಮತ್ತೆ ಟೆಂಪೋ ಹತ್ತಿಸಿ ಹಿರಿಯೂರಿಗೆ ತೆಗೆದುಕೊಂಡು ಹೋದೆ. ಸಾಹೇಬರು ಮೊದಲು ಒಲ್ಲೆನೆಂದರು. ಆಮೇಲೆ ನನ್ನ ಮುಖ ನೋಡಿ, "ಬದ್ಲಿಗೆ ಬ್ಯಾರೆ ಏನಾರ ತಗಂಡು ಹೋಗ್ರಿ," ಅಂದರು.

ನನಗೆ ಏನೂ ಬೇಕಿರಲಿಲ್ಲ. ಸುಸ್ತಾಗಿ ಅಲ್ಲೇ ಇದ್ದ ಒಂದು ಬೆಂಚಿನ ಮೇಲೆ ಕೂತೆ. ಕೂತು ಸ್ವಲ್ಪ ಹೊತ್ತಾದ ಮೇಲೆ ಯಾವುದರ ಮೇಲೆ ಕೂತಿದ್ದೇನೆಂದು ಬಗ್ಗಿ ನೋಡಿದೆ. ಬೀಟೆಯದು. ಒಬ್ಬರು ಆರಾಮವಾಗಿ, ಇಬ್ಬರು ಒತ್ತಿಕೊಂಡು ಕೂರುವಷ್ಟು ಅಗಲ. ಕಡೆದು ಮಾಡಿದ ನಾಲ್ಕು ಕಾಲು. ಕೂತು ಕೂತು ನಡುವೆ ಹಲಗೆ ಸಣ್ಣಗೆ ತಗ್ಗಾಗಿತ್ತು. ಹೊಳಲ್ಕೆರೆ ತಾಲೂಕು ಬಿ.ದುರ್ಗದ ಕಡೆಯ ಮನೆಯೊಂದನ್ನು ಕೆಡವಿದಾಗ ಬಂದದ್ದಂತೆ. ನಿಲುವುಗನ್ನಡಿಯ ಮೇಜಿನ ಮುಂದೆ ಹಾಕುವ ಬೆಂಚು. ಮೇಜು ಬೇರೆ ಯಾರಿಗೋ ಹೋಗಿ, ಇದೊಂದು ಉಳಿದಿತ್ತು. ಅಭ್ಯಾಸಬಲ, ಮಗುಚಿ ನೋಡಿದೆ. ಕಚ್ಚುಗಳು ಕಲ್ಲಿನಂತಿದ್ದವು. ನಿಜ ಹೇಳುತ್ತೇನೆ, ಅವ್ವನ ಸ್ಥಿತಿ ಹಾಗಿದ್ದರೂ ನನಗೆ ಅದರ ಮೇಲೆ ಆಸೆಯಾಯಿತು. ನನಗಾಗಿಯೇ ತಂದೆ. ಇಡಲು ಜಾಗವಿದ್ದದ್ದು ಅವ್ವನ ಕೋಣೆಯಲ್ಲಿ ಮಾತ್ರ, ಬೀರುವಿನ ಕನ್ನಡಿಯ ಮುಂದೆ.

ಮೂರ್ನಾಲ್ಕು ದಿನ ಅವ್ವ ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದಳು. ಹೊಸ ಕುರಿ ಕೊಳ್ಳುವಾಗ ನೋಡುತ್ತಿದ್ದ ನೋಟ ಅದು, ಹಲ್ಲು ಕಾಲು ಎಲ್ಲ ಬಿಡಿಸಿ ನೋಡುವ ನೋಟ. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದಾಗ ಕೇಳಿದಳು.

"ಅದಕ್ಕೆ ಬೆನ್ನಿಲ್ವೇನೇ?"

"ಇಲ್ಲವ್ವ."

"ಮುರ್ದೈತಾ?"

"ಇಲ್ಲ. ಅದಕ್ಕೆ ಇರೋದೇ ಇಲ್ಲ. ಕೈನೂ ಇರಲ್ಲ."

ಕೆಮ್ಮಿದಳು. ಕೆಮ್ಮಿ ಮುಗಿಸಿ ಮತ್ತೆ ಬೆಂಚನ್ನೇ ನೋಡಿದಳು. ಆಮೇಲೆ, "ಹಂಗಾರೆ ಹೆಣ ನಿಲ್ಲಲ್ಲ ಅದ್ರ ಮ್ಯಾಲೆ," ಅಂದಳು.

ನಾನು ಚಮಚವನ್ನು ಬಟ್ಟಲಿಗೆ ಇಟ್ಟೆ.

"ಒರಗ್ಸಾಕೆ ಏನೂ ಇಲ್ಲ. ಕಟ್ಟಾಕೆ ಏನೂ ಇಲ್ಲ. ಕುಂಡ್ರಿಸಿದ್ರೆ ಧೊಪ್ಪಂತ ಬೀಳ್ತೈತೆ. ಜೀವ ಇರೋರಷ್ಟೇ ಕುಂದ್ರಬೇಕು." ಕೈ ಎತ್ತಿ ಬೆಂಚಿನ ಕಡೆ ತೋರಿಸಿದಳು. "ನನ್ನ ಅದ್ರ ಮ್ಯಾಲೆ ಕುಂಡ್ರಿಸು."

ಖುಷಿಯಾಗಬೇಕಿತ್ತು. ಆಗಲಿಲ್ಲ. ಡಾಕ್ಟರು ಕೈ ಇರಲಿ, ಬೆನ್ನು ಇರಲಿ ಎಂದಿದ್ದರು. ಫೋನು ಮಾಡಿ ಕೇಳಿದೆ. "ಬೆನ್ನಿಲ್ಲದ್ದಾ? ಬೇಡವೇ ಬೇಡ ಮೇಡಂ. ಇನ್ನೊಂದು ಸಲ ಬಿದ್ದರೆ ನಾವೂ ಏನೂ ಮಾಡೋಕಾಗಲ್ಲ," ಅಂದರು. ನನ್ನ ಗಂಡನೂ ಅದನ್ನೇ ಹೇಳಿದರು. "ಅತ್ತೆಗೆ ಬ್ಯಾಲೆನ್ಸೇ ಇಲ್ಲ. ಹಿಂದಕ್ಕೆ ವಾಲಿದ್ರೆ ತಲೆ ಸೀದಾ ನೆಲಕ್ಕೆ. ಹುಚ್ಚಾಟ ಆಡಬೇಡ." ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಇತ್ತ ದರಿ, ಅತ್ತ ಪುಲಿ. ಕೂರಿಸಿದರೆ ಬೀಳುತ್ತಾಳೆ, ಕೂರಿಸದಿದ್ದರೆ ಕೆಮ್ಮು. ಆ ಎರಡು ದಿನ ನಾನು ಆ ಬೆಂಚನ್ನು ಶತ್ರುವಿನ ಹಾಗೆ ಕಂಡೆ. ಹಿಂದೆ ಹಾಸಿಗೆ ಹಾಕಿ ನೋಡಿದೆ, ಗೋಡೆಗೆ ಒತ್ತಿ ನೋಡಿದೆ. ಗೋಡೆಗೆ ಒತ್ತಿದ್ದು ಕಂಡು ಅವ್ವ ಗದರಿದಳು.

"ಗ್ವಾಡೆಗೆ ಒರಗ್ಸಿ ಕುಂಡ್ರಿಸಲ್ವೇನೇ ಬಡವ್ರನ್ನ? ಈಚೆಗೆಳೀ ಅದನ್ನ."

ಮೂರನೆಯ ದಿನ ಬೆಳಿಗ್ಗೆ ಅವಳ ಕೆಮ್ಮಿಗೆ ಎಚ್ಚರವಾಯಿತು. ಉಸಿರು ಎಳೆಯಲು ಅವಳ ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿಯುತ್ತಿದ್ದವು. ಇನ್ನು ಕಾಯುವಂತಿಲ್ಲ ಅನ್ನಿಸಿತು. ಗಂಡನನ್ನು ಕರೆದೆ. ಅವರು ನನ್ನ ಮುಖ ನೋಡಿ ವಾದ ಮಾಡಲಿಲ್ಲ. ಬೆಂಚನ್ನು ಕೋಣೆಯ ನಡುವೆ, ಕನ್ನಡಿಗೆ ಎದುರಾಗಿ ಎಳೆದರು. ಕಾಲು ಜಾರದ ಹಾಗೆ ಕೆಳಗೆ ಕಂಬಳಿ ಹಾಸಿದೆ. ಎರಡು ಕಡೆ ಹಿಡಿದು ಇಳಿಸಿದೆವು. ಅವಳ ಮೈ ಎಷ್ಟು ಹಗುರವಾಗಿತ್ತೆಂದರೆ ನನಗೆ ಅದೇ ಒಂದು ದಿಗಿಲು. ಕೂರಿಸಿದೆವು. ಪಾದ ಎರಡೂ ಕಂಬಳಿಯ ಮೇಲೆ ಊರಿದವು. ನನ್ನ ಗಂಡ ಮುಂದೆ ಮಂಡಿಯೂರಿ ಕೂತರು. ನಾನು ಹಿಂದೆ ನಿಂತು ಎರಡೂ ಭುಜ ಹಿಡಿದುಕೊಂಡೆ.

ಅವಳ ಮೈ ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಅತ್ತ ಇತ್ತ ತೂಗುತ್ತಿತ್ತು. ಬೆನ್ನಿನ ಒಂದೊಂದು ಮೂಳೆಯೂ ನನ್ನ ಕೈಗೆ ತಿಳಿಯುತ್ತಿತ್ತು. ಕೆಮ್ಮು ಬಂತು, ಇಡೀ ಮೈ ಅಲ್ಲಾಡಿತು, ನನ್ನ ಹಿಡಿತ ಬಿಗಿಯಾಯಿತು. ಕೆಮ್ಮಿ ಕೆಮ್ಮಿ ಮೊದಲ ಬಾರಿಗೆ ಕಫ ಉಗುಳಿದಳು. ನನ್ನ ಗಂಡ ಬಟ್ಟಲು ಹಿಡಿದರು. ಬಾಯಿ ಒರೆಸಿಕೊಂಡು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಕೈ ಬಿಡು."

"ಬೀಳ್ತೀಯವ್ವ."

"ಬಿಡೇ. ಹಿಡ್ಕಂಡು ಕುಂಡ್ರಿಸಾದು ಯಾರ್ನ ಅಂತ ನಿಂಗೆ ಗೊತ್ತಿಲ್ವಾ?"

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಿಟ್ಟರೆ ಅವಳು ಹಿಂದಕ್ಕೆ ಬರುತ್ತಾಳೆ, ನನ್ನ ಕಣ್ಣೆದುರಿಗೇ ಬೀಳುತ್ತಾಳೆ, ಅಣ್ಣ ಆವತ್ತು ಅತ್ತ ಅಳು ನಿಜವಾಗುತ್ತದೆ, ಅದು ನನ್ನ ಕೈಯಿಂದಲೇ ಆಗುತ್ತದೆ. ಇಷ್ಟೂ ಒಂದು ಗಳಿಗೆಯಲ್ಲಿ ಎದೆಯಲ್ಲಿ ಹಾದುಹೋಯಿತು. ಗಂಡ ಬೇಡವೆಂದು ತಲೆಯಾಡಿಸುತ್ತಿದ್ದರು. ಅವ್ವ ಕನ್ನಡಿಯಲ್ಲಿ ಕಣ್ಣು ಕದಲಿಸಲಿಲ್ಲ.

ಒಂದು ಬೆರಳು, ಎರಡು ಬೆರಳು, ಹಾಗೆ ಬಿಟ್ಟೆ. ಅಂಗೈಗಳು ಅವಳ ಭುಜದ ಹಿಂದೆ ಗಾಳಿಯಲ್ಲೇ ನಿಂತವು. ಅವಳು ಹಿಂದಕ್ಕೆ ವಾಲಿದಳು. ನಾನು ಹಿಡಿಯುವಷ್ಟರಲ್ಲಿ ತಾನೇ ಮುಂದಕ್ಕೆ ಬಂದಳು. ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು, ತುಟಿ ಕಚ್ಚಿ, ಒಳಗೆಲ್ಲೋ ಹುಡುಕಿ ಹುಡುಕಿ ತನ್ನ ಬೆನ್ನನ್ನು ನೇರ ಮಾಡಿಕೊಂಡಳು. ಹಣೆಯ ಮೇಲೆ ಬೆವರು ಹನಿಯೊಡೆಯಿತು. ಉಸಿರು ಮಾತ್ರ ಎಷ್ಟೋ ದಿನದ ಮೇಲೆ ಎದೆಯ ತಳದವರೆಗೂ ಇಳಿಯುತ್ತಿತ್ತು, ನನಗೆ ಕೇಳುತ್ತಿತ್ತು.

"ಎಂಥಾ ತಲೆ ಮಾಡಿಟ್ಟಿದೀಯೇ ನಂದು, ದೆವ್ವ ಆಗಿದೀನಿ," ಅಂದಳು ಕನ್ನಡಿ ನೋಡಿ. "ಬಾಚಣಿಗೆ ಕೊಡು."

"ನಾನು ಬಾಚ್ತೀನವ್ವ."

"ಸತ್ತೋರಿಗೆ ಬಾಚೋವಂತೆ. ಕೊಡಿಲ್ಲಿ."

ಕೊಟ್ಟೆ. ಮೊದಲು ಒಂದು ಕೈ ಬೆಂಚಿನ ಅಂಚು ಬಿಟ್ಟಿತು. ಕೂದಲು ಬಿಚ್ಚಿ, ಸಿಕ್ಕು ಎಳೆದು, ನಿಧಾನವಾಗಿ ಬಾಚಿದಳು. ತುರುಬು ಸುತ್ತಲು ಒಂದು ಕೈ ಸಾಲದು. ಇನ್ನೊಂದು ಕೈಯೂ ಮೇಲೆದ್ದಿತು. ನನ್ನ ಗಂಡ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ, ಮುಚ್ಚಲು ಹೆದರಿಕೆಯಾಯಿತು. ಅವ್ವನ ಎರಡೂ ಕೈ ತಲೆಯ ಮೇಲಿದ್ದವು. ಅವಳನ್ನು ಹಿಡಿದಿದ್ದು ಈಗ ಏನೂ ಇರಲಿಲ್ಲ, ನಾನೂ ಇರಲಿಲ್ಲ. ಮೈ ಸಣ್ಣಗೆ ತೂಗುತ್ತಿತ್ತು. ತುರುಬು ಕಟ್ಟಿ ಮುಗಿಸುವ ತನಕ ಅವಳು ಕೂತೇ ಇದ್ದಳು.